ಪುಟ್ಟ ನಾಯಿಗೆ ಉಸಿರಾಟದ ತೊಂದರೆಯೇ? ಮೊದಲು ಉಸಿರು ಎಣಿಸಿ, ಆಮೇಲೆ ಮದ್ದು

ನಮ್ಮ ಉಡುಪಿ, ಮಂಗಳೂರಿನ ಕಡೆ ಮನೆಯ ನಾಯಿ ಕೆಮ್ಮಿದರೆ ಮೊದಲು ಬರುವ ಮಾತು ಒಂದೇ. "ಮೀನಿನ ಮುಳ್ಳು ಸಿಕ್ಕಿದ್ದು ಇರ್ಬೇಕು ಮಾರಾಯ್ರೆ, ಒಂದು ಉಂಡೆ ಅನ್ನ ನುಂಗಿಸಿ." ಎರಡನೇ ಮಾತು, "ಕಫ ಕಟ್ಟಿದೆ, ಸ್ವಲ್ಪ ಕಷಾಯ ಹಾಕಿ." ಎರಡೂ ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಉಸಿರಿಗೆ ಒದ್ದಾಡುತ್ತಿರುವ ನಾಯಿಯ ಬಾಯಿಗೆ ಅನ್ನವನ್ನೋ ಕಷಾಯವನ್ನೋ ತುರುಕಿದರೆ ಅದು ಹೊಟ್ಟೆಗೆ ಹೋಗುವ ಬದಲು ಶ್ವಾಸಕೋಶಕ್ಕೆ ಇಳಿಯಬಹುದು. ಆಗ ಸಣ್ಣ ಕೆಮ್ಮು ಹೋಗಿ ನ್ಯುಮೋನಿಯಾ ಬರುತ್ತದೆ.

ಇನ್ನೊಂದು ವಿಷಯ. ನಾಯಿ ನಮ್ಮ ಹಾಗೆ ಕಫ ಉಗುಳುವುದಿಲ್ಲ. ಕೆಮ್ಮಿ ಮೇಲೆ ತಂದದ್ದನ್ನು ಹೆಚ್ಚಾಗಿ ನುಂಗಿಬಿಡುತ್ತದೆ. ಕೆಲವೊಮ್ಮೆ ಕೆಮ್ಮಿನ ಕೊನೆಗೆ ಓಕರಿಸಿ ಸ್ವಲ್ಪ ಬಿಳಿ ನೊರೆ ಹಾಕುತ್ತದೆ. ನೋಡಿದವರು "ವಾಂತಿ ಮಾಡ್ತಾ ಉಂಟು" ಅಂತ ಹೊಟ್ಟೆಗೆ ಮದ್ದು ಹುಡುಕುತ್ತಾರೆ. ಎದೆಯಲ್ಲಿ ಗೊರಗೊರ ಕೇಳಿಸಿದರೆ ಅದು ಸೋಂಕಿನ ಕಫ ಇರಬಹುದು, ಹೃದಯ ಸೋತು ಶ್ವಾಸಕೋಶದಲ್ಲಿ ತುಂಬಿದ ನೀರೂ ಇರಬಹುದು. ಎರಡಕ್ಕೂ ಮದ್ದು ಬೇರೆ ಬೇರೆ. ಒಂದಕ್ಕೆ ಒಳ್ಳೆಯದಾದದ್ದು ಇನ್ನೊಂದಕ್ಕೆ ಕೆಡುಕು. ಹಾಗಾಗಿ ಮನೆಮದ್ದಿನಿಂದ ಶುರು ಮಾಡುವುದಕ್ಕಿಂತ ನೋಡುವುದರಿಂದ, ಎಣಿಸುವುದರಿಂದ ಶುರು ಮಾಡುವುದು ವಾಸಿ.

ಈ ಬರಹ ಮುಖ್ಯವಾಗಿ ಪೊಮೇರಿಯನ್, ಶಿಟ್ಸು, ಪಗ್, ಡ್ಯಾಷ್‌ಹೌಂಡ್, ಸಣ್ಣ ಗಾತ್ರದ ಊರ ನಾಯಿ ಸಾಕಿದವರಿಗೆ. ಮೂರು ನಾಲ್ಕು ಕಿಲೋ ತೂಗುವ ಪ್ರಾಣಿಯ ಶ್ವಾಸನಾಳ ಬಹಳ ಸಪೂರ. ಅದರೊಳಗೆ ಸ್ವಲ್ಪ ಊತ ಬಂದರೂ ಗಾಳಿಗೆ ದಾರಿ ಇರುವುದಿಲ್ಲ.

ಕಾಯಲೇಬಾರದ ಲಕ್ಷಣಗಳು

ಕೆಳಗಿನವುಗಳಲ್ಲಿ ಒಂದು ಕಂಡರೂ ಡಾಕ್ಟರಿಗೆ ಫೋನ್ ಮಾಡಿ, ನಾಯಿಯನ್ನು ಎತ್ತಿಕೊಂಡು ಹೊರಡಿ.

- ಒಸಡು ಅಥವಾ ನಾಲಿಗೆ ನೀಲಿ, ಬೂದು ಇಲ್ಲವೇ ಸುಣ್ಣದಂತೆ ಬಿಳಿ ಆಗಿರುವುದು.
- ಕುತ್ತಿಗೆ ಮುಂದಕ್ಕೆ ಚಾಚಿ, ಮುಂಗಾಲು ಅಗಲಿಸಿ ನಿಂತಿರುವುದು, ಮಲಗಲು ಒಪ್ಪದೇ ಇರುವುದು.
- ಪ್ರತಿ ಉಸಿರಿಗೂ ಹೊಟ್ಟೆ ಜೋರಾಗಿ ಒಳಹೋಗಿ ಹೊರಬರುವುದು.
- ಬಾಯಿ ಅಥವಾ ಮೂಗಿನಿಂದ ನಸುಗೆಂಪು ನೊರೆ ಬರುವುದು.
- ಕುಸಿದು ಬೀಳುವುದು, ಕರೆದರೆ ಕಣ್ಣು ತಿರುಗಿಸದೇ ಇರುವುದು.

ಒಸಡಿನ ಬಣ್ಣ ನೋಡಲು ಮೇಲ್ತುಟಿಯನ್ನು ಬೆರಳಿನಿಂದ ಸ್ವಲ್ಪ ಎತ್ತಿದರೆ ಸಾಕು. ಆರೋಗ್ಯದ ಒಸಡು ತಿಳಿಗುಲಾಬಿ. ಬೆರಳಿನಿಂದ ಒತ್ತಿ ಬಿಟ್ಟರೆ ಬಿಳಿಯಾದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಒಸಡೇ ಕಪ್ಪಾಗಿರುವ ನಾಯಿಯಾದರೆ ಕೆಳಗಿನ ಕಣ್ಣುರೆಪ್ಪೆಯನ್ನು ಸ್ವಲ್ಪ ಎಳೆದು ಒಳಗಿನ ಬಣ್ಣ ನೋಡಿ. ನಾಯಿ ಚೆನ್ನಾಗಿರುವಾಗಲೇ ಒಮ್ಮೆ ನೋಡಿಟ್ಟುಕೊಳ್ಳಿ. ಇಲ್ಲದಿದ್ದರೆ ಗಾಬರಿಯಲ್ಲಿ ಯಾವ ಬಣ್ಣವೂ ಸರಿ ಅನ್ನಿಸುವುದಿಲ್ಲ.

ಹೊರಡುವ ಮೊದಲು ಫೋನ್ ಮಾಡಿ ಎರಡು ಪ್ರಶ್ನೆ ಕೇಳಿ: "ಡಾಕ್ಟ್ರು ಈಗ ಇದ್ದಾರಾ? ಆಕ್ಸಿಜನ್ ಉಂಟಾ?" ಹೆಸರುವಾಸಿ ಕ್ಲಿನಿಕ್ ಅಂತ ಹೋಗಿ, ಅಲ್ಲಿ ಆಕ್ಸಿಜನ್ ಇಲ್ಲದೆ ಇನ್ನೊಂದು ಕಡೆ ಓಡುವುದು ಬೇಡ. ಹೆಬ್ರಿ, ಕಾರ್ಕಳದ ಕಡೆಯಿಂದ ಬರುವವರಿಗೆ ಇದು ಇನ್ನೂ ಮುಖ್ಯ. ಮಳೆಗಾಲದಲ್ಲಿ ಪಂಪ್‌ವೆಲ್‌ನಲ್ಲೋ ಕೊಟ್ಟಾರ ಚೌಕಿಯಲ್ಲೋ ನೀರು ನಿಂತರೆ ಹತ್ತು ನಿಮಿಷದ ದಾರಿ ಎಷ್ಟಾಗುತ್ತದೆ ಅಂತ ಎಲ್ಲರಿಗೂ ಗೊತ್ತಲ್ವಾ? ಸರ್ಕಾರದ ಸಂಚಾರಿ ಪಶು ಚಿಕಿತ್ಸಾಲಯಕ್ಕೆ 1962 ಸಂಖ್ಯೆ ಇದೆ, ಆದರೆ ಅದು ಮುಖ್ಯವಾಗಿ ದನಕರುಗಳಿಗೆ. ಉಸಿರು ಕಟ್ಟಿದ ನಾಯಿಗೆ ಗಾಡಿ ಬರಲಿ ಅಂತ ಕಾಯುವ ಸಮಯ ಇರುವುದಿಲ್ಲ. ಹತ್ತಿರದ ರಿಕ್ಷಾ ಹಿಡಿಯಿರಿ.

ದಾರಿಯಲ್ಲಿ ನಾಯಿ ಹೇಗೆ ಕೂರಲು ಬಯಸುತ್ತದೋ ಹಾಗೇ ಬಿಡಿ. ಅಂಗಾತ ಮಲಗಿಸಬೇಡಿ. ಮಗುವನ್ನು ಅಪ್ಪಿದ ಹಾಗೆ ಎದೆಗೆ ಒತ್ತಿ ಹಿಡಿಯಬೇಡಿ, ಪಕ್ಕೆಲುಬು ಅಗಲಲು ಜಾಗ ಬೇಕು. ಕುತ್ತಿಗೆಯ ಬೆಲ್ಟ್ ಬಿಚ್ಚಿ. ಬಾಯಿಗೆ ಬಟ್ಟೆ ಕಟ್ಟಬೇಡಿ. ನೀರು, ಹಾಲು, ಬಿಸ್ಕತ್ತು ಯಾವುದೂ ಬೇಡ. ಕಾರಾದರೆ ಏಸಿ ಹಾಕಿ. ಒಟ್ಟಿಗೆ ಇಡೀ ಮನೆಮಂದಿ ಬೇಡ. ಎಲ್ಲರೂ ಸೇರಿ "ಅಯ್ಯೋ ಪಾಪ" ಅಂದಷ್ಟೂ ನಾಯಿಗೆ ಹೆದರಿಕೆ ಹೆಚ್ಚುತ್ತದೆ, ಹೆದರಿದಷ್ಟೂ ಆಮ್ಲಜನಕ ಜಾಸ್ತಿ ಬೇಕಾಗುತ್ತದೆ.

ನಿಜವಾಗಿಯೂ ಗಂಟಲಲ್ಲಿ ಏನಾದರೂ ಸಿಕ್ಕಿದ್ದರೆ

ಇದು ಆಗುವುದೇ ಇಲ್ಲ ಅಂತಲ್ಲ. ಮೀನಿನ ಮುಳ್ಳಿಗಿಂತ ಹಲಸಿನ ಬೀಜ, ಕೋಳಿಯ ಮೂಳೆ, ಮಕ್ಕಳ ಸಣ್ಣ ರಬ್ಬರ್ ಚೆಂಡು ಅಪಾಯ. ಇಂಥದ್ದು ಸಿಕ್ಕಿದರೆ ನಾಯಿ ಇದ್ದಕ್ಕಿದ್ದಂತೆ ಒದ್ದಾಡುತ್ತದೆ, ಮುಂಗಾಲಿನಿಂದ ಬಾಯಿ ಕೆರೆಯುತ್ತದೆ. ಗಾಳಿ ಪೂರ್ತಿ ಕಟ್ಟಿದ್ದರೆ ಸ್ವರವೇ ಬರುವುದಿಲ್ಲ. ಎರಡು ದಿನದಿಂದ ಕೆಮ್ಮುತ್ತಾ ಮಧ್ಯೆ ಮಧ್ಯೆ ಊಟ ಮಾಡುವ ನಾಯಿಯ ಉಸಿರಿನ ದಾರಿಯಲ್ಲಿ ಏನೋ ಅಡ್ಡ ಸಿಕ್ಕಿರುವ ಸಾಧ್ಯತೆ ಕಡಿಮೆ.

ಬಾಯಿ ತೆರೆದು ನೋಡಿ. ವಸ್ತು ಕಣ್ಣಿಗೆ ಕಂಡರೆ ಮಾತ್ರ ಬೆರಳು ಹಾಕಿ ಪಕ್ಕದಿಂದ ಎಳೆಯಿರಿ. ಕಾಣದ್ದಕ್ಕೆ ಬೆರಳು ಹಾಕಿದರೆ ಇನ್ನೂ ಒಳಗೆ ಹೋಗುತ್ತದೆ. ಸಣ್ಣ ನಾಯಿಯಾದರೆ ಹಿಂಗಾಲಿನ ಕಡೆ ಸೊಂಟ ಹಿಡಿದು ತಲೆ ಕೆಳಗೆ ಮಾಡಿ ಕೆಲವು ಸೆಕೆಂಡು ಹಿಡಿಯಿರಿ. ಬೀಳದಿದ್ದರೆ ಅದರ ಬೆನ್ನನ್ನು ನಿಮ್ಮ ಹೊಟ್ಟೆಗೆ ಆನಿಸಿ, ಪಕ್ಕೆಲುಬು ಮುಗಿಯುವ ಜಾಗದ ಕೆಳಗೆ ಮುಷ್ಟಿಯಿಟ್ಟು ಒಳಕ್ಕೆ ಮತ್ತು ಮೇಲಕ್ಕೆ ಐದು ಸಲ ಒತ್ತಿ. ಮತ್ತೆ ಬಾಯಿ ನೋಡಿ. ವಸ್ತು ಹೊರಬಂದರೂ ಡಾಕ್ಟರಿಗೆ ತೋರಿಸಿ, ಒಳಗೆ ಗಾಯವಾಗಿರಬಹುದು.

ಉಸಿರು ಎಣಿಸುವ ಕ್ರಮ

ತುರ್ತು ಇಲ್ಲ ಅಂತ ಖಾತ್ರಿಯಾದ ಮೇಲೆ ಮಾಡಬೇಕಾದ ಮೊದಲ ಕೆಲಸ ಇದು. ದುಡ್ಡಿಲ್ಲ, ಮಿಷನ್ ಬೇಡ. ಆದರೂ ನಾಯಿ ಸಾಕಿದವರಲ್ಲಿ ಬಹಳ ಮಂದಿ ಒಮ್ಮೆಯೂ ಮಾಡಿರುವುದಿಲ್ಲ.

ನಾಯಿ ಗಾಢ ನಿದ್ರೆಯಲ್ಲಿರಬೇಕು. ಕನಸು ಕಂಡು ಕಾಲು ಆಡಿಸುವಾಗ ಬೇಡ. ಆಗಷ್ಟೇ ಓಡಿ ಬಂದಾಗಲೂ, ಸೆಕೆಗೆ ನಾಲಿಗೆ ಚಾಚಿ ಏದುಸಿರು ಬಿಡುವಾಗಲೂ ಬೇಡ. ಎದೆ ಏರಿ ಇಳಿದರೆ ಒಂದು. ಮೊಬೈಲಿನಲ್ಲಿ 30 ಸೆಕೆಂಡು ಇಟ್ಟು ಎಣಿಸಿ, ಎರಡರಿಂದ ಗುಣಿಸಿ. ರೋಮ ದಟ್ಟವಾಗಿರುವ ಪೊಮೇರಿಯನ್‌ನಲ್ಲಿ ಎದೆ ಕಾಣುವುದಿಲ್ಲ, ಪಕ್ಕೆಯ ಹಿಂದಿನ ಹೊಟ್ಟೆಯ ಭಾಗ ನೋಡಿದರೆ ಸುಲಭ.

ಮಲಗಿದ ನಾಯಿಯ ಉಸಿರು ನಿಮಿಷಕ್ಕೆ 30ರ ಒಳಗೆ ಇರಬೇಕು. ಒಂದು ಸಲ 32 ಬಂತು ಅಂತ ಗಾಬರಿ ಬೇಡ, ಒಂದು ಗಂಟೆ ಬಿಟ್ಟು ಮತ್ತೆ ಎಣಿಸಿ. ಮತ್ತೆ ಮತ್ತೆ 30 ದಾಟಿದರೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ. ನಿದ್ರೆಯಲ್ಲೇ 40 ದಾಟುತ್ತಿದ್ದರೆ ಬೆಳಗಾಗುವ ತನಕ ಕಾಯಬೇಡಿ. ಹೃದಯದ ತೊಂದರೆ ಇರುವ ನಾಯಿಯಲ್ಲಿ ಶ್ವಾಸಕೋಶಕ್ಕೆ ನೀರು ಇಳಿಯಲು ಶುರುವಾದದ್ದು ಈ ಲೆಕ್ಕದಲ್ಲಿ ಮೊದಲು ಗೊತ್ತಾಗುತ್ತದೆ. ಕೆಮ್ಮು, ಸುಸ್ತು ಆಮೇಲೆ ಬರುವುದೂ ಉಂಟು. ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕ ಬರೆಯುವ ಚೌಕದಲ್ಲೇ ಈ ಸಂಖ್ಯೆಯನ್ನೂ ಬರೆಯಿರಿ. ಡಾಕ್ಟರಿಗೆ ನಿಮ್ಮ ಹತ್ತು ಮಾತಿಗಿಂತ ಹತ್ತು ದಿನದ ಆ ಸಂಖ್ಯೆಗಳು ಜಾಸ್ತಿ ಹೇಳುತ್ತವೆ.

ಶಬ್ದ ಕೇಳಿ, ವಿಡಿಯೋ ಮಾಡಿ

ಮನೆಯಲ್ಲಿ ರಾತ್ರಿಯಿಡೀ ಕೆಮ್ಮಿದ ನಾಯಿ ಕ್ಲಿನಿಕ್ಕಿನ ಮೇಜಿನ ಮೇಲೆ ಸುಮ್ನೆ ನಿಂತಿರುತ್ತದೆ. ಹಾಗಾಗಿ ಕೆಮ್ಮುವಾಗ ಅರ್ಧ ನಿಮಿಷ ವಿಡಿಯೋ ತೆಗೆಯಿರಿ, ಶಬ್ದ ಕೇಳುವಂತೆ. ಟಿವಿ ಬಂದ್ ಮಾಡಿ. ತಲೆ ಮಾತ್ರ ಅಲ್ಲ, ಹೊಟ್ಟೆಯೂ ಕಾಣಬೇಕು.

ಮೂಗಿನಿಂದ ಗೊರ್ ಗೊರ್ ಅಂತ ಗಾಳಿ ಒಳಗೆಳೆದು, ಕುತ್ತಿಗೆ ಚಾಚಿ, ಕಣ್ಣರಳಿಸಿ ನಿಲ್ಲುವುದು ನೋಡಲು ಭಯಂಕರ. ಆದರೆ ಅರ್ಧ ನಿಮಿಷ, ಒಂದು ನಿಮಿಷದಲ್ಲಿ ನಿಂತು, ನಾಯಿ ಏನೂ ಆಗದ ಹಾಗೆ ಬಾಲ ಆಡಿಸಿಕೊಂಡು ಹೋದರೆ ಅದು ಹಿಮ್ಮುಖ ಸೀನು. ಸಣ್ಣ ನಾಯಿಗಳಲ್ಲಿ ಸಾಮಾನ್ಯ. ಗಂಟಲನ್ನು ಮೆಲ್ಲಗೆ ಸವರಿ. ಒಂದೆರಡು ಸೆಕೆಂಡು ಮೂಗಿನ ಹೊಳ್ಳೆ ಮುಚ್ಚಿ ಬಿಟ್ಟರೆ ಎಂಜಲು ನುಂಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ದಿನಕ್ಕೆ ಹಲವು ಸಲ ಬರಲು ಶುರುವಾದರೆ ಅಥವಾ ಮೂಗಿನಿಂದ ರಕ್ತ, ಕೀವು ಕಂಡರೆ ಮಾತ್ರ ತೋರಿಸಬೇಕು.

ಬಾತುಕೋಳಿ ಕೂಗಿದ ಹಾಗೆ ಒಣ ಕೆಮ್ಮು, ಅದೂ ಯಾರೋ ಗೇಟು ತೆಗೆದಾಗ, ಬೆಲ್ಟ್ ಎಳೆದಾಗ, ನೀರು ಕುಡಿದಾಗ ಬರುವುದಾದರೆ ಶ್ವಾಸನಾಳ ಕುಗ್ಗುವ ತೊಂದರೆ ಇರಬಹುದು. ಶ್ವಾಸನಾಳವನ್ನು ತೆರೆದಿಡುವ ಮೃದು ಮೂಳೆಯ ಉಂಗುರಗಳು ಸಡಿಲವಾಗಿ ನಾಳ ಚಪ್ಪಟೆಯಾಗುತ್ತದೆ. ಪೊಮೇರಿಯನ್, ಶಿಟ್ಸು, ಯಾರ್ಕ್‌ಷೈರ್ ಟೆರಿಯರ್, ಚಿವಾವಾ ಇವುಗಳಲ್ಲಿ ಜಾಸ್ತಿ. ನಮ್ಮ ಕಡೆ ಜಗಲಿಯ ಕಂಬಕ್ಕೆ ಕಬ್ಬಿಣದ ಸರಪಳಿಯಲ್ಲಿ ಕಟ್ಟಿ, ದಾರಿಯಲ್ಲಿ ಹೋದವರಿಗೆಲ್ಲ ಅದು ಹಾರಿ ಹಾರಿ ಬೊಗಳುತ್ತಾ ಇದ್ದರೆ ಕುತ್ತಿಗೆಯ ಗತಿ ಏನಾಗಬೇಕು? ಎದೆಯನ್ನು ಸುತ್ತುವ ಹಾರ್ನೆಸ್ ತನ್ನಿ. ನಾಯಿ ದಪ್ಪಗಿದ್ದರೆ ತೂಕ ಇಳಿಸಿ. ಇವೆರಡನ್ನೇ ನೆಟ್ಟಗೆ ಮಾಡಿದರೂ ಎಷ್ಟೋ ನಾಯಿಗಳ ಕೆಮ್ಮು ಕಡಿಮೆಯಾಗುತ್ತದೆ. ನನ್ನನ್ನು ಕೇಳಿದರೆ ಮೂರು ಬಾಟಲಿ ಸಿರಪ್ಪಿಗಿಂತ ಒಂದು ಹಾರ್ನೆಸ್ ಮೇಲು.

ಏಳೆಂಟು ವರ್ಷ ದಾಟಿದ ಸಣ್ಣ ನಾಯಿ ಮಲಗಿದಾಗ, ರಾತ್ರಿ ಹೊತ್ತು ಕೆಮ್ಮಿದರೆ, ಮೆಟ್ಟಿಲು ಹತ್ತಲು ಹಿಂದೆಮುಂದೆ ನೋಡಿದರೆ ಹೃದಯದ ಕಡೆ ಗಮನ ಕೊಡಿ. ವಯಸ್ಸಾದ ಸಣ್ಣ ತಳಿಗಳಲ್ಲಿ ಹೃದಯದ ಎಡಭಾಗದ ಕವಾಟ ಸವೆದು ರಕ್ತ ಹಿಂದಕ್ಕೆ ಸೋರುವುದು ಬಹಳ ಸಾಮಾನ್ಯ. ಡಾಕ್ಟರು ಸ್ಟೆತಾಸ್ಕೋಪ್ ಇಟ್ಟರೆ ಮರ್ಮರ ಶಬ್ದ ಕೇಳಿಸುತ್ತದೆ. ಹೃದಯ ದೊಡ್ಡದಾಗಿ ಶ್ವಾಸನಾಳದ ಕವಲನ್ನು ಒತ್ತಿದರೂ ಕೆಮ್ಮು ಬರುತ್ತದೆ. ಕುಗ್ಗಿದ ಶ್ವಾಸನಾಳ, ಸವೆದ ಕವಾಟ ಎರಡೂ ಒಂದೇ ನಾಯಿಯಲ್ಲಿ ಇರುವುದೂ ಉಂಟು. ಹಾಗಾಗಿ ಶಬ್ದ ಕೇಳಿ ನಾವೇ ತೀರ್ಮಾನಿಸುವ ಹಾಗಿಲ್ಲ, ಎಕ್ಸ್‌-ರೇ ಬೇಕು.

ನಾಯಿಗಳನ್ನು ನೋಡಿಕೊಳ್ಳುವ ಬೋರ್ಡಿಂಗ್‌ನಲ್ಲಿ ಬಿಟ್ಟು ಬಂದ ಮೇಲೆ 2ರಿಂದ 14 ದಿನದೊಳಗೆ ಖೊಕ್ ಖೊಕ್ ಅಂತ ಒಣ ಕೆಮ್ಮು ಶುರುವಾಗಿ, ನಾಯಿ ಉಳಿದಂತೆ ಚುರುಕಾಗಿದ್ದರೆ ಅದು ನಾಯಿಯಿಂದ ನಾಯಿಗೆ ಹರಡುವ ಕೆನೆಲ್ ಕೆಮ್ಮು ಇರಬಹುದು. ಗಟ್ಟಿ ನಾಯಿಯಲ್ಲಿ ಒಂದರಿಂದ ಮೂರು ವಾರದಲ್ಲಿ ಹೋಗುತ್ತದೆ. ಮರಿಗಳಿಗೂ ಮುದಿ ನಾಯಿಗಳಿಗೂ ಅದೇ ನ್ಯುಮೋನಿಯಾಕ್ಕೆ ತಿರುಗಬಹುದು. ಒದ್ದೆ ಕೆಮ್ಮು, ಜ್ವರ, ಊಟ ಬಿಡುವುದು, ಹಸಿರು ಹಳದಿ ಸಿಂಬಳ ಇವೆಲ್ಲ ಆ ತಿರುವಿನ ಗುರುತು. ಲಸಿಕೆ ಆಗದ ಮರಿಗೆ ಕಣ್ಣಿನಲ್ಲೂ ಮೂಗಿನಲ್ಲೂ ದಪ್ಪ ಕೀವು, ಜ್ವರ, ಭೇದಿ ಒಟ್ಟಿಗೆ ಬಂದರೆ ಡಿಸ್ಟೆಂಪರ್ ಎಂಬ ವೈರಸ್ ಕಾಯಿಲೆಯ ಸಂಶಯ. ತಡಮಾಡುವಂತಿಲ್ಲ, ಬೇರೆ ನಾಯಿಗಳಿಂದಲೂ ದೂರ ಇಡಬೇಕು. ಮರಿಗಳಲ್ಲಿ ಹೊಟ್ಟೆಹುಳದ ಮರಿಗಳು ಶ್ವಾಸಕೋಶದ ಮೂಲಕ ಹಾದುಹೋಗುವಾಗಲೂ ಕೆಮ್ಮು ಬರುತ್ತದೆ, ಹುಳದ ಮದ್ದು ಯಾವಾಗ ಕೊಟ್ಟದ್ದು ಅಂತ ನೆನಪು ಮಾಡಿಕೊಳ್ಳಿ.

ಕೆಮ್ಮೇ ಇಲ್ಲದೆ ಬರೀ ಉಸಿರು ಜೋರಾಗಿ, ಒಸಡು ಬಿಳಚಿಕೊಂಡಿದ್ದರೆ? ಕಿವಿಯ ಒಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಉಣ್ಣಿ ಜ್ವರದಲ್ಲಿ ರಕ್ತ ಇಳಿದುಹೋಗುತ್ತದೆ. ರಕ್ತ ಕಡಿಮೆಯಾದರೆ ಆಮ್ಲಜನಕ ಸಾಗಿಸುವವರಿಲ್ಲ, ಆಗ ಉಸಿರು ಏರುತ್ತದೆ. ಎದೆಯಲ್ಲಿ ದೋಷ ಇರುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ತೋಟ, ಕಂಪೌಂಡು ಇರುವವರು ಇದನ್ನೂ ನೆನಪಿಡಿ. ಚೆನ್ನಾಗಿದ್ದ ನಾಯಿ ಏಕಾಏಕಿ ಕಾಲಿಗೆ ಬಲವಿಲ್ಲದೆ, ಬೊಗಳಲಾಗದೆ, ಜೊಲ್ಲು ಸುರಿಸುತ್ತಾ ಉಸಿರು ಕುಗ್ಗಿದರೆ ನಾಗರಹಾವೋ ಕಡಂಬಳವೋ (ಕಟ್ಟು ಹಾವು) ಕಚ್ಚಿರಬಹುದು. ಇವುಗಳ ವಿಷ ಉಸಿರಾಟದ ಸ್ನಾಯುಗಳನ್ನೇ ನಿಲ್ಲಿಸುತ್ತದೆ. ಕಡಂಬಳ ಕಚ್ಚಿದ ಗುರುತು ಎಷ್ಟೋ ಸಲ ಕಾಣುವುದೇ ಇಲ್ಲ. ಕಟ್ಟುವುದು, ಕೊಯ್ಯುವುದು ಬೇಡ. ಹಾವಿನ ವಿಷಕ್ಕೆ ಇಂಜೆಕ್ಷನ್ ಇರುವ ಕಡೆಗೇ ನೇರ ಹೋಗಿ.

ಡಾಕ್ಟರ ಹತ್ತಿರ ಹೋಗುವಾಗ

ಲಸಿಕೆ ಪುಸ್ತಕ, ಈಗ ಕೊಡುತ್ತಿರುವ ಮಾತ್ರೆಗಳ ಖಾಲಿ ಸ್ಟ್ರಿಪ್, ಮೊಬೈಲಿನ ವಿಡಿಯೋ, ಉಸಿರಿನ ಲೆಕ್ಕ ಇಷ್ಟು ಜೊತೆಗಿರಲಿ. ಮನೆಯಲ್ಲಿ ಏನಾದರೂ ಮದ್ದು ಹಾಕಿದ್ದರೆ ಹೇಳಿಬಿಡಿ, ಬೈದರೆ ಬೈಯಲಿ. ಕೇಳಬೇಕಾದದ್ದು: ಹೃದಯದಲ್ಲಿ ಮರ್ಮರ ಉಂಟಾ? ಎಕ್ಸ್‌-ರೇ ಬೇಕಾ? ಹಬೆ ಕೊಡಬಹುದಾ? ಎದೆ ತಟ್ಟಬಹುದಾ? ಉಸಿರಿಗೆ ತುಂಬ ಕಷ್ಟಪಡುತ್ತಿರುವ ನಾಯಿಯನ್ನು ಎಕ್ಸ್‌-ರೇಗೆ ಬಲವಂತವಾಗಿ ಮಲಗಿಸುವುದು ಅಪಾಯ. ಮೊದಲು ಆಕ್ಸಿಜನ್ ಕೊಟ್ಟು ಸ್ವಲ್ಪ ಸುಧಾರಿಸಲಿ ಅಂತ ಡಾಕ್ಟರು ಹೇಳಿದರೆ ಅವಸರ ಮಾಡಬೇಡಿ.

ಹೃದಯದ ತೊಂದರೆಗೆ ಸಾಮಾನ್ಯವಾಗಿ ಮೈಯ ನೀರು ಇಳಿಸುವ ಫ್ರುಸಮೈಡ್, ಹೃದಯಕ್ಕೆ ಬಲ ಕೊಡುವ ಪಿಮೋಬೆಂಡಾನ್ ಬರೆಯುತ್ತಾರೆ. ಫ್ರುಸಮೈಡ್ ಕೊಟ್ಟ ಮೇಲೆ ನಾಯಿ ಹೆಚ್ಚು ಮೂತ್ರ ಮಾಡುತ್ತದೆ, ಅದಕ್ಕೆ ತಕ್ಕಂತೆ ನೀರೂ ಕುಡಿಯುತ್ತದೆ. ಮನೆ ಒದ್ದೆ ಮಾಡುತ್ತದೆ ಅಂತ ನೀರಿನ ಬಟ್ಟಲು ಎತ್ತಿಡಬೇಡಿ. ಪಿಮೋಬೆಂಡಾನ್ ಊಟಕ್ಕೆ ಸುಮಾರು ಒಂದು ಗಂಟೆ ಮೊದಲು ಕೊಡುವ ಮಾತ್ರೆ. ಎರಡನ್ನೂ ನಾಯಿ ಗೆಲುವಾಯಿತು ಅಂತ ನೀವೇ ನಿಲ್ಲಿಸಬಾರದು.

ಕಫಕ್ಕೆ ಮನೆಯಲ್ಲಿ ಮಾಡಬಹುದಾದದ್ದು

ಇದು ಡಾಕ್ಟರು ನೋಡಿ, ಸೋಂಕು ಅಥವಾ ಶ್ವಾಸನಾಳದ ಊತ ಅಂತ ಹೇಳಿದ ನಾಯಿಗೆ. ಹೃದಯ ಸೋತ ನಾಯಿಗೆ ಅಲ್ಲ.

ಹಬೆ. ಮಕ್ಕಳಿಗೆ ಮಾಡುವಂತೆ ಪಾತ್ರೆಯ ಮೇಲೆ ಬಗ್ಗಿಸಿ ಕಂಬಳಿ ಹೊದೆಸುವ ಕ್ರಮ ನಾಯಿಗೆ ಬೇಡವೇ ಬೇಡ. ಹೆದರಿ ಒದ್ದರೆ ಇಬ್ಬರಿಗೂ ಸುಡುತ್ತದೆ. ಬಾತ್‌ರೂಮಿನ ಬಾಗಿಲು ಹಾಕಿ, ಗೀಸರಿನ ಬಿಸಿನೀರು ಬಿಟ್ಟು ಕೋಣೆಯಲ್ಲಿ ಹಬೆ ತುಂಬಿಸಿ. ಆಮೇಲೆ ನಳ್ಳಿ ನಿಲ್ಲಿಸಿ ನಾಯಿಯ ಜೊತೆ ನೀವೂ ಒಳಗೆ ಕೂರಿ. ನೆಲದ ಮೇಲೆ ಒಂದು ಟವೆಲ್ ಹಾಸಿ. ಬಿಸಿನೀರಿನ ಬಕೆಟ್ ಅದರ ಹತ್ತಿರ ಇರಬಾರದು. ಹತ್ತು ನಿಮಿಷ ಸಾಕು, ದಿನಕ್ಕೆ ಎರಡು ಸಲ. ನೀರಿಗೆ ನೀಲಗಿರಿ ಎಣ್ಣೆ, ಕರ್ಪೂರ, ವಿಕ್ಸ್ ಏನೂ ಹಾಕಬೇಡಿ. ನಾಯಿ ಬಾಯಿ ತೆರೆದು ಏದುಸಿರು ಬಿಡಲು ಶುರು ಮಾಡಿದರೆ ತಕ್ಷಣ ಬಾಗಿಲು ತೆರೆಯಿರಿ. ಪಗ್‌ನಂಥ ಚಪ್ಪಟೆ ಮೂತಿಯ ನಾಯಿಗೆ ಡಾಕ್ಟರನ್ನು ಕೇಳದೆ ಹಬೆ ಬೇಡ, ಅವುಗಳ ಮೈ ಬಿಸಿ ಬೇಗ ಏರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಯಾವ ನಾಯಿಗೂ ಇದರ ಅಗತ್ಯ ಕಡಿಮೆ. ನಮ್ಮ ಗಾಳಿಯೇ ಆಗ ಹಬೆ.

ನೆಬ್ಯುಲೈಸರ್. ದ್ರವವನ್ನು ಮಂಜಿನ ಹಾಗೆ ಮಾಡಿ ಉಸಿರಿಗೆ ಕೊಡುವ ಮಿಷನ್ ಇದು. ಮನೆಯಲ್ಲಿ ಮಕ್ಕಳದ್ದೋ ಅಜ್ಜಿಯದ್ದೋ ಮಿಷನ್ ಇದ್ದರೆ ಅದೇ ಸಾಕು. ಮಾಸ್ಕ್ ಮಾತ್ರ ಬೇರೆ ಇರಲಿ. ಮೆಡಿಕಲ್ ಶಾಪಿನಲ್ಲಿ ಸಿಗುವ 0.9 ಶೇಕಡಾದ ಸ್ಟೆರೈಲ್ ಸಲೈನ್ 3ರಿಂದ 5 ಮಿಲಿ ಹಾಕಿದರೆ ಹತ್ತು ನಿಮಿಷದ ಆಸುಪಾಸು ಬರುತ್ತದೆ. ಬಾವಿ ನೀರು, ಕುದಿಸಿ ಆರಿಸಿದ ನೀರು ಬೇಡ. ಮನುಷ್ಯರಿಗೆ ಬರೆದ ಔಷಧಿಯನ್ನು ಅದರಲ್ಲಿ ಸೇರಿಸುವುದಂತೂ ಬೇಡ. ಹೆಚ್ಚಿನ ನಾಯಿಗಳಿಗೆ ಅದರ ಮಂಜಿಗಿಂತ ಆ ಬುರ್‌ ಶಬ್ದವೇ ಹೆದರಿಕೆ. ಮೊದಲು ಮಿಷನ್ನನ್ನು ದೂರದಲ್ಲಿ ಸುಮ್ನೆ ಚಾಲೂ ಮಾಡಿಟ್ಟು, ಅದರ ಇಷ್ಟದ ತಿಂಡಿ ಕೊಡಿ. ಆಮೇಲೆ ಸ್ವಲ್ಪ ಸ್ವಲ್ಪ ಹತ್ತಿರ ತನ್ನಿ. ಮಾಸ್ಕನ್ನು ಮುಖಕ್ಕೆ ಒತ್ತುವ ಅಗತ್ಯ ಇಲ್ಲ, ಮೂಗಿನ ಮುಂದೆ ಎರಡು ಬೆರಳಷ್ಟು ದೂರದಲ್ಲಿ ಹಿಡಿದರೂ ಆಗುತ್ತದೆ. ಮುಗಿದ ಮೇಲೆ ಕಪ್ ತೊಳೆದು ಪೂರ್ತಿ ಒಣಗಿಸಿ. ನಮ್ಮ ಆಟಿ ತಿಂಗಳಲ್ಲಿ ಚಪ್ಪಲಿಗೂ ಬೂಸು ಹಿಡಿಯುತ್ತದೆ, ಒದ್ದೆ ಕಪ್ ಬಿಟ್ಟೀತೇ?

ತಟ್ಟುವುದು. ಹಬೆ ಅಥವಾ ನೆಬ್ಯುಲೈಸರ್ ಆದ ಕೂಡಲೇ ಮಾಡಿದರೆ ಉಪಯೋಗ. ನಾಯಿ ನಿಂತಿರಲಿ ಅಥವಾ ಎದೆ ನೆಲಕ್ಕೆ ಊರಿ ಕೂತಿರಲಿ. ಅಂಗೈಯನ್ನು ನೀರು ಮೊಗೆಯುವಂತೆ ಬಟ್ಟಲು ಮಾಡಿ. ನಾಲ್ಕು ಕಿಲೋ ನಾಯಿಗೆ ಇಡೀ ಅಂಗೈ ದೊಡ್ಡದಾಗುತ್ತದೆ, ಮೂರು ಬೆರಳು ಮಡಚಿದರೆ ಸರಿ. ಪಕ್ಕೆಲುಬಿನ ಹಿಂದಿನ ತುದಿಯಿಂದ ಮುಂಗಾಲಿನ ಕಡೆಗೆ ಟಪ್ ಟಪ್ ಅಂತ ಮೆಲ್ಲಗೆ ತಟ್ಟುತ್ತಾ ಬನ್ನಿ. ಟೊಳ್ಳು ಶಬ್ದ ಬರಬೇಕು. ಚಟ್ ಅಂತ ಬಂದರೆ ಕೈ ಚಪ್ಪಟೆಯಾಗಿದೆ, ನಾಯಿಗೆ ನೋಯುತ್ತದೆ. ಎರಡೂ ಪಕ್ಕಕ್ಕೆ ಸೇರಿ ನಾಲ್ಕೈದು ನಿಮಿಷ. ಬೆನ್ನುಮೂಳೆ, ಹೊಟ್ಟೆಯ ಮೇಲೆ ತಟ್ಟಬಾರದು. ಆಮೇಲೆ ಜಗಲಿಯಲ್ಲಿ ಎರಡು ಸುತ್ತು ನಡೆಸಿ. ಕೆಮ್ಮಿದರೆ ಒಳ್ಳೆಯದೇ, ಅದಕ್ಕೇ ಇಷ್ಟೆಲ್ಲ ಮಾಡಿದ್ದು. ಶ್ವಾಸನಾಳ ಕುಗ್ಗಿದ ನಾಯಿಗೆ, ಪಕ್ಕೆಗೆ ಪೆಟ್ಟು ಬಿದ್ದ ನಾಯಿಗೆ, ಉಣ್ಣಿ ಜ್ವರದಲ್ಲಿ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಇಳಿದ ನಾಯಿಗೆ ಇದನ್ನು ಮಾಡಬಾರದು.

ಸುಸ್ತಾಗಿ ಒಂದೇ ಮಗ್ಗುಲಲ್ಲಿ ಮಲಗಿರುವ ನಾಯಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಆದರೆ ಎದೆ ಊರಿ ಕೂರಿಸಿ, ಎರಡೂ ಕಡೆ ದಿಂಬು ಕೊಟ್ಟರೆ ಇನ್ನೂ ಒಳ್ಳೆಯದು.

ಕೊಡಬಾರದ ಮದ್ದು

ಪ್ಯಾರಸಿಟಮಾಲ್, ಐಬುಪ್ರೊಫೆನ್ ಬೇಡ. ಒಂದು ಲಿವರಿಗೆ, ರಕ್ತಕ್ಕೆ ಪೆಟ್ಟು. ಇನ್ನೊಂದು ಹೊಟ್ಟೆಯಲ್ಲಿ ಹುಣ್ಣು ಮಾಡಿ ಕಿಡ್ನಿ ಕೆಡಿಸುತ್ತದೆ. ಮಕ್ಕಳ ಕೆಮ್ಮಿನ ಸಿರಪ್ ಬೇಡ. ಮೂಗು ಬಿಡಿಸುವ ಸ್ಯೂಡೋಎಫೆಡ್ರಿನ್ ಸ್ವಲ್ಪವೇ ಹೋದರೂ ಸಣ್ಣ ನಾಯಿಯ ಹೃದಯ ಓಡತೊಡಗುತ್ತದೆ. ಸಕ್ಕರೆ ಇಲ್ಲದ ಸಿರಪ್‌ಗಳಲ್ಲಿ ಕೆಲವೊಮ್ಮೆ ಇರುವ ಕ್ಸೈಲಿಟಾಲ್ ಎಂಬ ಸಿಹಿ ಪದಾರ್ಥ ನಾಯಿಗೆ ವಿಷ. ಕೆಮ್ಮು ನಿಲ್ಲಿಸುವ ಮದ್ದು ನ್ಯುಮೋನಿಯಾ ಆದ ನಾಯಿಗೆ ಹಾಕಿದರೆ ಕಫ ಒಳಗೇ ಉಳಿಯುತ್ತದೆ.

ಮನೆಮದ್ದಿನಲ್ಲಿ ಬೆಳ್ಳುಳ್ಳಿ, ನೀರುಳ್ಳಿ ಎರಡೂ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಮಕ್ಕಳ ಶೀತಕ್ಕೆ ಬಾಡಿಸಿ ರಸ ಹಿಂಡುವ ಸಾಂಬ್ರಾಣಿ ಎಲೆ, ಅಂದರೆ ದೊಡ್ಡಪತ್ರೆ, ಅದೂ ನಾಯಿಗೆ ಆಗದ ಗಿಡ. ಎದೆಗೆ ವಿಕ್ಸ್ ಹಚ್ಚಿದರೆ ನಾಯಿ ನೆಕ್ಕಿಯೇ ನೆಕ್ಕುತ್ತದೆ, ಅದರಲ್ಲಿರುವ ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರಬಹುದು. ಜೇನು ಅರ್ಧ ಚಮಚ ನೆಕ್ಕಿಸಿದರೆ ಒಂದು ವರ್ಷ ದಾಟಿದ, ಸಕ್ಕರೆ ಕಾಯಿಲೆ ಇಲ್ಲದ ನಾಯಿಗೆ ತೊಂದರೆಯಿಲ್ಲ. ಆದರೆ ಅದರಿಂದ ಎದೆಯ ಕಫ ಕರಗುತ್ತದೆ ಅಂತ ನಂಬಬೇಡಿ.

ಊಟ

ಮೂಗು ಕಟ್ಟಿದ ನಾಯಿಗೆ ವಾಸನೆ ಸಿಗುವುದಿಲ್ಲ. ವಾಸನೆ ಸಿಗದಿದ್ದರೆ ಅದು ಊಟ ಬೇಡ ಅನ್ನುತ್ತದೆ. ಒದ್ದೆ ಹತ್ತಿಯಲ್ಲಿ ಮೂಗು ಒರೆಸಿ, ಊಟವನ್ನು ಉಗುರುಬೆಚ್ಚಗೆ ಮಾಡಿ ಇಡಿ. ನೀರುಳ್ಳಿಯನ್ನೂ ಉಪ್ಪನ್ನೂ ಹಾಕದೆ ಬೇಯಿಸಿದ ಕೋಳಿಯ ರಸವನ್ನು ಕುಚ್ಚಲಕ್ಕಿ ಗಂಜಿಗೆ ಸೇರಿಸಿದರೆ ಹೆಚ್ಚಿನವು ತಿನ್ನುತ್ತವೆ. ಸ್ವಲ್ಪ ಸ್ವಲ್ಪ, ದಿನಕ್ಕೆ ನಾಲ್ಕು ಸಲ. ತಿನ್ನಲು ಒಪ್ಪದಿದ್ದರೆ ಸಿರಿಂಜಿನಲ್ಲಿ ಬಾಯಿಗೆ ಹಾಕಬೇಡಿ, ಒಂದು ದಿನ ಪೂರ್ತಿ ಊಟ ಬಿಟ್ಟರೆ ಡಾಕ್ಟರಿಗೆ ಹೇಳಿ. ಹೃದಯದ ನಾಯಿಗೆ ಒಣಮೀನು ಒಂದು ತುಂಡೂ ಬೇಡ. ಅಷ್ಟು ಉಪ್ಪು ಹೋದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಆ ನೀರು ಬಂದು ಸೇರುವುದು ಶ್ವಾಸಕೋಶಕ್ಕೆ. ಮಲ್ಪೆಯಿಂದ ಹಸಿ ಬಂಗುಡೆ ತಂದ ದಿನ ಮುಳ್ಳು ಬಿಡಿಸಿ ಬೇಯಿಸಿ ಕೊಡಿ, ಅದಕ್ಕೇನೂ ಅಡ್ಡಿಯಿಲ್ಲ.

ಹೊಗೆ, ಥಂಡಿ, ಸೆಕೆ

ಮಳೆಗಾಲದಲ್ಲಿ ಹಳೆಮನೆಗಳ ಸಣ್ಣ ನಾಯಿ ಮಲಗುವ ಜಾಗ ಯಾವುದು ಗೊತ್ತಾ? ಬಚ್ಚಲ ಒಲೆಯ ಬದಿ. ಬೂದಿ ಬೆಚ್ಚಗಿರುತ್ತದೆ, ಸುತ್ತಿಕೊಂಡು ಮಲಗುತ್ತದೆ. ಬೆಳಿಗ್ಗೆ ಒದ್ದೆ ಸೌದೆ, ತೆಂಗಿನ ಸಿಪ್ಪೆ, ಮಡಲು ತುಂಬಿಸಿ ಒಲೆ ಹಚ್ಚಿದಾಗ ಬರುವ ಹೊಗೆಯೆಲ್ಲ ಅದರ ಮೂಗಿನ ಮಟ್ಟದಲ್ಲೇ ಸುತ್ತುತ್ತದೆ. ನಾವು ನಿಂತಿರುತ್ತೇವೆ, ಕಣ್ಣುಜ್ಜಿಕೊಂಡು ಹೊರಗೆ ಬರುತ್ತೇವೆ. ಅದು ಅಲ್ಲೇ ಇರುತ್ತದೆ. ಕೆಮ್ಮಿನ ನಾಯಿಯನ್ನು ಒಲೆ ಹಚ್ಚುವ ಮೊದಲು ಅಲ್ಲಿಂದ ಎಬ್ಬಿಸಿ, ಒಳಗಿನ ಕೋಣೆಯಲ್ಲಿ ಗೋಣಿಯ ಮೇಲೆ ಒಣ ಬಟ್ಟೆ ಹಾಕಿ ಜಾಗ ಮಾಡಿಕೊಡಿ. ಸೊಳ್ಳೆಬತ್ತಿ, ಊದುಬತ್ತಿ, ಸಂಜೆಯ ಧೂಪ, ಅಂಗಳದಲ್ಲಿ ತರಗೆಲೆಗೆ ಬೆಂಕಿ, ಸಿಗರೇಟು ಎಲ್ಲವೂ ಇದೇ ಲೆಕ್ಕಕ್ಕೆ. ಸೊಳ್ಳೆಗೆ ಪರದೆ ಕಟ್ಟಿ. ದೀಪಾವಳಿಯ ರಾತ್ರಿ ಕಿಟಕಿ ಹಾಕಿಡಿ.

ಮಳೆಯಲ್ಲಿ ನೆನೆದು ಬಂದ ನಾಯಿಯ ಹೊಟ್ಟೆ, ಕಾಲ ಸಂದಿ ಪೂರ್ತಿ ಒರೆಸಿ. ಒಣಗದ ಹಾಸಿಗೆ, ಬೂಸು ಹಿಡಿದ ಗೋಣಿ ಬೇಡ. ಕೆಮ್ಮು ಇರುವಷ್ಟು ದಿನ ಸ್ನಾನ ಮಾಡಿಸದಿದ್ದರೆ ಏನೂ ಮುಳುಗುವುದಿಲ್ಲ.

ಸೆಕೆ ಮಾತ್ರ ಮಳೆಗಿಂತ ಅಪಾಯ. ನಾಯಿ ಮೈ ತಂಪು ಮಾಡಿಕೊಳ್ಳುವುದು ನಾಲಿಗೆಯ ತೇವ ಆರಿಸಿ. ಏಪ್ರಿಲ್, ಮೇಯಲ್ಲಿ ನಮ್ಮ ಗಾಳಿಯಲ್ಲೇ ಅಷ್ಟು ನೀರಿರುವಾಗ ತೇವ ಆರುವುದೆಲ್ಲಿಂದ? ಎಷ್ಟು ಏದುಸಿರು ಬಿಟ್ಟರೂ ತಂಪಾಗುವುದಿಲ್ಲ. ಪಗ್, ಶಿಟ್ಸುವಿನಂಥ ಸಪೂರ ಹೊಳ್ಳೆಯ ನಾಯಿಗಳಿಗೆ ಇದು ಪ್ರಾಣಕ್ಕೆ ಬರುತ್ತದೆ. ನಡಿಗೆ ಬೆಳಗಿನ ಆರೂವರೆಯ ಒಳಗೆ ಮುಗಿಯಲಿ. ಏರ್ ಕೂಲರ್ ನಮ್ಮ ಕರಾವಳಿಯಲ್ಲಿ ದಂಡ, ಇನ್ನಷ್ಟು ತೇವ ಸೇರಿಸುತ್ತದೆ. ಫ್ಯಾನ್, ತಂಪಾದ ನೆಲ ಅಥವಾ ಏಸಿ 25 ಡಿಗ್ರಿಯ ಹತ್ತಿರ ಸಾಕು. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಬಿಸಿಲಿಗೆ 104 ದಾಟಿದರೆ ಮೈಪೂರ್ತಿ ನಳ್ಳಿ ನೀರು ಹುಯ್ದು, ಫ್ಯಾನ್ ಹಾಕಿ, ತಂಪು ಮಾಡುತ್ತಲೇ ಆಸ್ಪತ್ರೆಗೆ ಹೊರಡಿ. ಐಸ್ ಬೇಡ. ಒದ್ದೆ ಟವೆಲ್ ಹೊದೆಸಿ ಬಿಡುವುದೂ ಬೇಡ, ಒಳಗೇ ಬಿಸಿ ನಿಲ್ಲುತ್ತದೆ. 103ಕ್ಕೆ ಇಳಿದಾಗ ನೀರು ಹುಯ್ಯುವುದು ನಿಲ್ಲಿಸಿ.

ಕೆಮ್ಮು ಪೂರ್ತಿ ನಿಂತ ಮೇಲೂ ಎರಡು ವಾರ ಬೇರೆ ನಾಯಿಗಳ ಜೊತೆ ಬಿಡಬೇಡಿ, ನೀರಿನ ಬಟ್ಟಲು ಬೇರೆ ಇಡಿ. ದಸರೆಗೋ ಮದುವೆಗೋ ಊರು ಬಿಡುವಾಗ ಬೋರ್ಡಿಂಗ್‌ನಲ್ಲಿ ಬಿಡುವವರು ಕೆನೆಲ್ ಕೆಮ್ಮಿನ ಲಸಿಕೆಯನ್ನು ಕೆಲವು ವಾರ ಮೊದಲೇ ಹಾಕಿಸಿ. ಹೃದಯದ ಮಾತ್ರೆ ತಿನ್ನುವ ನಾಯಿಯನ್ನು ನೆರೆಮನೆಯವರ ಹತ್ತಿರ ಬಿಟ್ಟು ಹೋಗುವುದಾದರೆ ಮಾತ್ರೆಯ ಡಬ್ಬದ ಮೇಲೆ ಹೊತ್ತು, ಪ್ರಮಾಣ, ಡಾಕ್ಟರ ನಂಬರ್ ಬರೆದು ಅಂಟಿಸಿ. ಮಲಗಿದಾಗ ಉಸಿರು ಎಣಿಸುವುದು ಹೇಗೆ ಅಂತ ಅವರಿಗೆ ಹೋಗುವ ಮುಂಚಿನ ರಾತ್ರಿ ಒಮ್ಮೆ ಎದುರಿಗೇ ತೋರಿಸಿಕೊಡಿ.